ಅಪ್ಪನ ಕಸುಬು, ಮಗಳ ಕಂಪನಿ

ಹೆತ್ತವರ ದುಡಿಮೆಯಿಂದ ಮಕ್ಕಳ ಕೈಗೆ ದಾಟುವ ದೊಡ್ಡ ಬಂಡವಾಳ ಯಾವುದು? ಕನ್ನಡ ನಾಡಿನ ಕೆಲವು ಉದ್ಯಮಗಳ ಕಥೆ ಇದಕ್ಕೆ ಉತ್ತರ ಹೇಳುತ್ತದೆ.

ಹುಬ್ಬಳ್ಳಿಯಿಂದ ವಿಜಯಪುರಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ ಬೀಳಗಿ ತಾಲ್ಲೂಕಿನ ಅನಗವಾಡಿಯಲ್ಲಿ ಘಟಪ್ರಭೆಯನ್ನು ದಾಟುತ್ತದೆ. ಅಲ್ಲಿ ಸೇತುವೆಯ ಕೆಳಗೆ ಕಾಣುವುದು ನದಿಯಷ್ಟೇ ಅಲ್ಲ, ಆಲಮಟ್ಟಿ ಜಲಾಶಯದ ಹಿನ್ನೀರು ಕೂಡ. ಕೃಷ್ಣಾ ಮೇಲ್ದಂಡೆ ಯೋಜನೆಗಾಗಿ ಬಾಗಲಕೋಟೆ ಜಿಲ್ಲೆಯ ಜನ ಎರೆಭೂಮಿ ಬಿಟ್ಟರು, ತಲೆತಲಾಂತರದ ಮನೆ ಬಿಟ್ಟರು, ಪುನರ್ವಸತಿ ಕೇಂದ್ರಗಳಿಗೆ ಬಂದು ನೆಲೆಸಿದರು. ಜಲಾಶಯದಲ್ಲಿ ಈಗ 519.60 ಮೀಟರ್‌ವರೆಗೆ ನೀರು ನಿಲ್ಲುತ್ತದೆ. ಇದನ್ನು 524.256 ಮೀಟರ್‌ಗೆ ಏರಿಸಲು ಕೃಷ್ಣಾ ಜಲವಿವಾದ ಎರಡನೇ ನ್ಯಾಯಮಂಡಳಿ 2010ರಲ್ಲೇ ಒಪ್ಪಿದೆ. ಅದಕ್ಕಾಗಿ ಮುಳುಗಲಿರುವ ಜಮೀನಿಗೆ ನೀರಾವರಿಯಾದರೆ ಎಕರೆಗೆ 40 ಲಕ್ಷ ರೂಪಾಯಿ, ಖುಷ್ಕಿಯಾದರೆ 30 ಲಕ್ಷ ರೂಪಾಯಿ ಕೊಡಲು ರಾಜ್ಯ ಸಚಿವ ಸಂಪುಟ 2025ರ ಸೆಪ್ಟೆಂಬರ್‌ನಲ್ಲಿ ತೀರ್ಮಾನಿಸಿತು.

ಹೀಗಾಗಿ ಅಪ್ಪ ಮಕ್ಕಳಿಗೆ ಏನು ಬಿಟ್ಟು ಹೋಗುತ್ತಾನೆ ಎಂಬ ಪ್ರಶ್ನೆ ಈ ಸೀಮೆಯಲ್ಲಿ ಬರೀ ಮಾತಲ್ಲ. ಹೊಲ ನೀರಿಗೆ ಹೋಗಬಹುದು. ಪರಿಹಾರದ ಹಣ ಅಣ್ಣತಮ್ಮಂದಿರಲ್ಲಿ ಹಂಚಿಹೋಗಿ, ಮನೆ ಕಟ್ಟುವುದಕ್ಕೆ, ಮದುವೆ ಮಾಡುವುದಕ್ಕೆ, ಹಳೆಯ ಸಾಲ ತೀರಿಸುವುದಕ್ಕೆ ಕರಗಬಹುದು. ಆದರೆ ಮಣ್ಣು ಹಿಡಿದು ನೋಡಿ ಹದ ಹೇಳುವ ಅಪ್ಪನ ಅರಿವು, ಪೇಟೆಯಲ್ಲಿ ಯಾವ ದಲಾಲಿಯನ್ನು ಎಷ್ಟು ನಂಬಬೇಕು ಎಂಬ ಅವನ ಲೆಕ್ಕ, ಹಿಟ್ಟು ಮುಟ್ಟಿದೊಡನೆ ಜೋಳ ಹಳೆಯದೋ ಹೊಸದೋ ಎಂದು ಹೇಳುವ ಅವ್ವನ ಬೆರಳಿನ ತಿಳಿವಳಿಕೆ ಯಾವ ಹಿನ್ನೀರಿಗೂ ಮುಳುಗುವಂಥವಲ್ಲ. ಮಕ್ಕಳ ಹೊಸ ಉದ್ಯಮಕ್ಕೆ ಇದಕ್ಕಿಂತ ಗಟ್ಟಿಯಾದ ಬಂಡವಾಳ ಇನ್ನೊಂದಿಲ್ಲ ಎಂಬುದೇ ಈ ಲೇಖನದ ವಾದ. ಒಂದು ಷರತ್ತು ಮಾತ್ರ ಇದೆ. ಆ ಅರಿವನ್ನು ಹೆತ್ತವರು ಮುಚ್ಚಿಡಬಾರದು, ಮಕ್ಕಳ ಮೇಲೆ ಹೇರಲೂಬಾರದು.

ಹುದುಗಿನ ವಿದ್ಯೆ

ಅಪ್ಪನ ವೃತ್ತಿ ಮಗಳ ಉದ್ಯಮವಾಗಿ ಬೆಳೆದದ್ದಕ್ಕೆ ಕರ್ನಾಟಕದಲ್ಲಿ ಸಿಗುವ ಅತ್ಯಂತ ಸ್ಪಷ್ಟ ನಿದರ್ಶನ ಕಿರಣ್ ಮಜುಂದಾರ್ ಷಾ. ಅವರು ಬೆಂಗಳೂರಿನಲ್ಲಿ 1953ರಲ್ಲಿ ಹುಟ್ಟಿದವರು. ತಂದೆ ರಸೇಂದ್ರ ಮಜುಂದಾರ್ ಯುನೈಟೆಡ್ ಬ್ರೂವರೀಸ್ ಕಂಪನಿಯ ಮುಖ್ಯ ಬ್ರೂಮಾಸ್ಟರ್. ಬಿಯರ್ ತಯಾರಿಕೆಯ ಹೊಣೆ ಪೂರ್ತಿ ಹೊತ್ತವರು. ಮಗಳಿಗೆ ಡಾಕ್ಟರಾಗುವ ಆಸೆಯಿತ್ತು, ಅದು ಕೈಗೂಡಲಿಲ್ಲ. ಪ್ರಾಣಿಶಾಸ್ತ್ರದಲ್ಲಿ ಪದವಿ ಮುಗಿಸಿದಾಗ, ಹುದುಗಿಸುವ ವಿಜ್ಞಾನವನ್ನು ಓದು ಎಂದು ದಾರಿ ತೋರಿಸಿದವರು ತಂದೆಯೇ. ಮದ್ಯ ತಯಾರಿಕೆ ಹೆಣ್ಣುಮಕ್ಕಳ ಕೆಲಸವಲ್ಲ ಎಂದು ಲೋಕವೆಲ್ಲ ನಂಬಿದ್ದ ಕಾಲವದು. ಕಿರಣ್ ಆಸ್ಟ್ರೇಲಿಯಾದ ಬ್ಯಾಲರಾಟ್ ಕಾಲೇಜಿಗೆ ಹೋದರು. ತರಗತಿಯಲ್ಲಿದ್ದ ಒಬ್ಬಳೇ ಹುಡುಗಿ ಅವರು. 1975ರಲ್ಲಿ ಬ್ರೂಮಾಸ್ಟರ್ ಅರ್ಹತೆ ಪಡೆದು ಭಾರತಕ್ಕೆ ಮರಳಿದರು.

ಇಲ್ಲಿ ಕೆಲಸ ಸಿಗಲಿಲ್ಲ. ಇದು ಗಂಡಸರ ಕೆಲಸ ಎಂಬ ಉತ್ತರ ಬಂತು. ಅಪ್ಪನ ಕುರ್ಚಿಗೆ ಹೋಗುವ ದಾರಿ ಮುಚ್ಚಿದಾಗ, ಅಪ್ಪನ ವಿದ್ಯೆ ಇನ್ನೊಂದು ದಾರಿ ತೆರೆಯಿತು. ಐರ್ಲೆಂಡಿನ ಬಯೋಕಾನ್ ಬಯೋಕೆಮಿಕಲ್ಸ್ ಎಂಬ ಕಂಪನಿಯ ಲೆಸ್ಲಿ ಆಕಿನ್‌ಕ್ಲೋಸ್ ಭಾರತದಲ್ಲಿ ಪಾಲುದಾರರನ್ನು ಹುಡುಕುತ್ತಿದ್ದರು. 1978ರಲ್ಲಿ ಬೆಂಗಳೂರಿನ ಬಾಡಿಗೆ ಮನೆಯ ಗ್ಯಾರೇಜಿನಲ್ಲಿ, 10 ಸಾವಿರ ರೂಪಾಯಿ ಬಂಡವಾಳದೊಂದಿಗೆ ಬಯೋಕಾನ್ ಇಂಡಿಯಾ ಹುಟ್ಟಿತು. ಹರೆಯದ ಹೆಣ್ಣುಮಗಳಿಗೆ, ಅದೂ ಹೆಸರು ಕೇಳದ ವ್ಯಾಪಾರಕ್ಕೆ, ಸಾಲ ಕೊಡಲು ಬ್ಯಾಂಕುಗಳು ಹಿಂಜರಿದವು.

ಆ ಗ್ಯಾರೇಜಿನಲ್ಲಿ ತಯಾರಾದ ಮೊದಲ ಸರಕು ಯಾವುದು ಎಂಬುದನ್ನು ಗಮನಿಸಬೇಕು. ಒಂದು, ಪರಂಗಿ ಕಾಯಿಯ ಹಾಲಿನಿಂದ ತೆಗೆಯುವ ಪಪೈನ್ ಎಂಬ ಕಿಣ್ವ. ತಣ್ಣಗಾದಾಗ ಬಿಯರ್ ಮಬ್ಬಾಗದಂತೆ ಇದು ತಡೆಯುತ್ತದೆ. ಇನ್ನೊಂದು, ಮೀನಿನ ಗಾಳಿಚೀಲದಿಂದ ತೆಗೆಯುವ ಐಸಿಂಗ್‌ಗ್ಲಾಸ್. ಇದು ಬಿಯರಿನಲ್ಲಿ ತೇಲುವ ಯೀಸ್ಟನ್ನು ತಳಕ್ಕಿಳಿಸಿ ತಿಳಿಯಾಗಿಸುತ್ತದೆ. ಎರಡನ್ನೂ ಕೊಳ್ಳುವವರು ಬಿಯರ್ ತಯಾರಕರು. ಅಪ್ಪ ದುಡಿದ ಲೋಕಕ್ಕೆ ಏನು ಬೇಕು, ಅದು ಯಾಕೆ ಬೇಕು, ಎಷ್ಟು ಶುದ್ಧವಾಗಿರಬೇಕು ಎಂಬುದು ಮಗಳಿಗೆ ಒಳಗಿನಿಂದ ಗೊತ್ತಿತ್ತು. ಅಪ್ಪ ಬಿಯರ್ ಮಾಡಿದರು, ಮಗಳು ಬಿಯರ್ ಮಾಡುವವರಿಗೆ ಬೇಕಾದ ವಸ್ತು ಮಾಡಿದರು.

ಕಥೆ ಅಲ್ಲಿಗೇ ನಿಲ್ಲಲಿಲ್ಲ. ಹುದುಗಿಸುವ ವಿದ್ಯೆ ಕೈಯಲ್ಲಿದ್ದುದರಿಂದ ಬಯೋಕಾನ್ ಕಿಣ್ವಗಳಿಂದ ಔಷಧಿಗಳತ್ತ ಹೊರಳಿತು. ಪಿಕಿಯಾ ಎಂಬ ಯೀಸ್ಟಿನ ನೆರವಿನಿಂದ ಮನುಷ್ಯರ ಇನ್ಸುಲಿನ್ ತಯಾರಿಸಿತು. ಬಿಯರಿನ ಪೀಪಾಯಿಯಲ್ಲಿ ಯೀಸ್ಟ್ ಮಾಡುವ ಕೆಲಸವನ್ನು ತಂದೆ ಬಲ್ಲವರಾಗಿದ್ದರು. ಮಗಳ ಕಂಪನಿ ಯೀಸ್ಟಿನ ಇನ್ನೊಂದು ಜಾತಿಯಿಂದ ಸಕ್ಕರೆ ಕಾಯಿಲೆಯವರಿಗೆ ಮದ್ದು ಮಾಡಿಸಿತು. 2004ರಲ್ಲಿ ಷೇರು ಪೇಟೆಗೆ ಬಂದ ಮೊದಲ ದಿನವೇ ಕಂಪನಿಯ ಮೌಲ್ಯ 100 ಕೋಟಿ ಡಾಲರ್ ದಾಟಿತ್ತು. ವಸ್ತು ಬದಲಾಯಿತು, ಕೊಳ್ಳುವವರು ಬದಲಾದರು. ಬದಲಾಗದೆ ಉಳಿದದ್ದು ಮನೆಯಿಂದ ಬಂದ ವಿದ್ಯೆ.

ಅಚ್ಚಿನ ಮನೆಯಿಂದ ರಸ್ತೆಗೆ, ರಸ್ತೆಯಿಂದ ಪತ್ರಿಕೆಗೆ

ನಮ್ಮ ಭಾಗಕ್ಕೆ ಹತ್ತಿರದ ಕಥೆ ಗದಗಿನದು. ಅಚ್ಚುಕೂಟಗಳಿಗೆ ಹೆಸರಾದ ಊರದು. ಅಲ್ಲಿ ಬಸವಣ್ಣೆಪ್ಪ ಸಂಕೇಶ್ವರ ಅವರದು ಪುಸ್ತಕ ಮುದ್ರಣ, ಪ್ರಕಾಶನದ ಮನೆತನ. 1950ರಲ್ಲಿ ಹುಟ್ಟಿದ ಅವರ ಮಗ ವಿಜಯ ಸಂಕೇಶ್ವರ ಹರೆಯದಲ್ಲೇ ಮುದ್ರಣದ ಕೆಲಸಕ್ಕೆ ಇಳಿದವರು. ಆ ದಾರಿಯಲ್ಲೇ ನಡೆದಿದ್ದರೆ ನಾಡು ಅವರನ್ನು ಗದಗಿನ ಒಬ್ಬ ಪ್ರಕಾಶಕರೆಂದು ನೆನೆಯುತ್ತಿತ್ತು. ಆದರೆ ಅವರು 1976ರಲ್ಲಿ ಒಂದೇ ಒಂದು ಲಾರಿಯಿಂದ ಸಾಗಣೆ ವ್ಯವಹಾರ ಶುರು ಮಾಡಿದರು. ಮನೆಯ ಕಸುಬಿಗೂ ಲಾರಿಗೂ ನಂಟಿರಲಿಲ್ಲ. ಮೊದಮೊದಲು ನಷ್ಟವನ್ನೂ ಉಂಡರು. ಹುಬ್ಬಳ್ಳಿಗೆ ಬಂದು ನೆಲೆಯೂರಿದ ಮೇಲೆ ವಿಜಯಾನಂದ ರೋಡ್‌ಲೈನ್ಸ್ (ವಿಆರ್‌ಎಲ್) ಬೆಳೆಯಿತು. 1996ರಲ್ಲಿ ಬಸ್ಸುಗಳೂ ಬಂದವು. ಇವತ್ತು ವಿಆರ್‌ಎಲ್ ದೇಶದ ದೊಡ್ಡ ಸರಕು ಸಾಗಣೆ ಕಂಪನಿಗಳಲ್ಲಿ ಒಂದು. 2015ರಿಂದ ಅದರ ಷೇರುಗಳು ಪೇಟೆಯಲ್ಲಿವೆ.

1999ರಲ್ಲಿ ಅವರು ‘ವಿಜಯ ಕರ್ನಾಟಕ’ ಪತ್ರಿಕೆ ತಂದಾಗ ಲಾರಿ ಮಾಲೀಕರಿಗೆ ಪತ್ರಿಕೆ ಯಾಕೆ ಎಂದು ಹುಬ್ಬೇರಿಸಿದವರಿದ್ದರು. ಆದರೆ ದಿನಪತ್ರಿಕೆ ಎಂದರೆ ಎರಡು ಕೆಲಸ. ಬರೆದದ್ದನ್ನು ರಾತ್ರಿ ಅಚ್ಚು ಹಾಕುವುದು ಒಂದು, ಅದನ್ನು ಬೆಳಗಾಗುವುದರೊಳಗೆ ಊರೂರಿಗೆ ಮುಟ್ಟಿಸುವುದು ಇನ್ನೊಂದು. ಕಾಗದ, ಶಾಯಿ, ಯಂತ್ರ, ಅಚ್ಚಿನ ಖರ್ಚಿನ ಲೆಕ್ಕ ಅವರಿಗೆ ಅಪ್ಪನ ಮನೆಯಿಂದ ಬಂದಿತ್ತು. ರಸ್ತೆ, ಸಮಯ, ಡೀಸೆಲ್ಲಿನ ಲೆಕ್ಕವನ್ನು ತಾವೇ ಬೆವರು ಸುರಿಸಿ ಕಲಿತಿದ್ದರು. ಎರಡೂ ಬಲ್ಲವರು ಕನ್ನಡ ಪತ್ರಿಕೋದ್ಯಮಕ್ಕೆ ಕಾಲಿಟ್ಟಾಗ ಏನಾಗುತ್ತದೆ ಎಂಬುದನ್ನು ನಾಡು ಕಂಡಿತು. ಒಂದರ ಹಿಂದೊಂದು ಊರಿನಲ್ಲಿ ಆವೃತ್ತಿಗಳು ಶುರುವಾದವು. ಕೆಲವೇ ವರ್ಷಗಳಲ್ಲಿ ಅದು ಪ್ರಸಾರದಲ್ಲಿ ಮೊದಲ ಸ್ಥಾನಕ್ಕೇರಿತು. 2006ರಲ್ಲಿ ಅದನ್ನು ಟೈಮ್ಸ್ ಸಮೂಹಕ್ಕೆ ಮಾರಿದರು. 2012ರಲ್ಲಿ ‘ವಿಜಯವಾಣಿ’ ಆರಂಭಿಸಿ ಅಚ್ಚಿನ ಲೋಕಕ್ಕೆ ಮತ್ತೆ ಮರಳಿದರು.

ಅಪ್ಪನ ಕಸುಬನ್ನು ಬಿಟ್ಟು ದೂರ ಹೋದವರಿಗೂ ಅದು ಮುಂದೆ ಎಂದಾದರೂ ಕೈ ಹಿಡಿಯುತ್ತದೆ ಎಂಬುದು ಇಲ್ಲಿನ ಪಾಠ. ಮಗ ಬೇರೆ ದಾರಿ ಹಿಡಿದ ಕೂಡಲೇ ಮನೆತನದ ಕಸುಬು ಮುಳುಗಿತು ಎಂದು ಕೊರಗುವ ಅಪ್ಪಂದಿರು ಈ ಕಥೆಯನ್ನು ನೆನೆಯಬೇಕು.

ಗಿರಾಕಿ ಅವನೇ, ಸರಕು ಬೇರೆ

ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಅವರ ತಂದೆ ವೇದಾಂತದಲ್ಲಿ ಮುಳುಗಿದ್ದವರು. ಮಗನಿಗೆ ಒಲಿದದ್ದು ಯಂತ್ರ. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟರು. ಆಮೇಲೆ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು ಮಾಡಿದರು. ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುತ್ತದೆ ಎಂದು ರೈತರು ಅಂಜಿದರು, ನೇಗಿಲು ಕೊಳ್ಳಲಿಲ್ಲ. ಬೆಳಗಾವಿಯಲ್ಲಿ ಜಾಗ ಬಿಡಬೇಕಾಗಿ ಬಂದಾಗ ಔಂಧ್ ಸಂಸ್ಥಾನದ ರಾಜರು ನೆಲ ಕೊಟ್ಟರು. 1910ರಲ್ಲಿ ಅಲ್ಲಿ ಕಿರ್ಲೋಸ್ಕರವಾಡಿ ಎದ್ದಿತು.

ಅವರ ಮಗ ಶಂತನುರಾವ್ ಅಮೆರಿಕದ ಎಂಐಟಿಯಲ್ಲಿ ಎಂಜಿನಿಯರಿಂಗ್ ಓದಿ ಬಂದರು. ನೇಗಿಲನ್ನೇ ಇನ್ನಷ್ಟು ಮಾಡುತ್ತ ಕೂರಬಹುದಿತ್ತು. ಅವರ ಕಾಲಕ್ಕೆ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಬಂತು, 1946ರಲ್ಲಿ ಪುಣೆಯಲ್ಲಿ ಡೀಸೆಲ್ ಎಂಜಿನ್ ಕಾರ್ಖಾನೆ ಬಂತು. ಉಳುವವನಿಗೆ ಅಪ್ಪ ನೇಗಿಲು ಕೊಟ್ಟರೆ, ಬಾವಿಯ ನೀರೆತ್ತಲು ಅದೇ ಉಳುವವನಿಗೆ ಮಗ ಎಂಜಿನ್ ಕೊಟ್ಟರು. ರೈತ ಎಂಥ ಕಬ್ಬಿಣವನ್ನು ನಂಬುತ್ತಾನೆ, ಕೆಟ್ಟರೆ ಊರಲ್ಲೇ ರಿಪೇರಿಯಾಗಬೇಕು ಎಂದು ಯಾಕೆ ಬಯಸುತ್ತಾನೆ ಎಂಬುದು ಆ ಮನೆಗೆ ಮೊದಲೇ ಗೊತ್ತಿತ್ತು. ಗಿರಾಕಿಯ ಅರಿವೂ ಪಿತ್ರಾರ್ಜಿತವೇ.

ಬೆಂಗಳೂರಿನ ಎಂಟಿಆರ್‌ನಲ್ಲಿ ದಾಟಿದ್ದು ರುಚಿಯ ಹದ. ಉಡುಪಿ ಕಡೆಯಿಂದ ಬಂದ ಮಯ್ಯ ಸಹೋದರರು 1924ರಲ್ಲಿ ಶುರು ಮಾಡಿದ ಹೋಟೆಲಿಗೆ ಯಜ್ಞನಾರಾಯಣ ಮಯ್ಯರು ಶುಚಿಯ ಶಿಸ್ತು ತಂದರು. ಎರಡನೇ ಮಹಾಯುದ್ಧದಲ್ಲಿ ಅಕ್ಕಿ ಸಿಗದಾದಾಗ ಅಲ್ಲಿ ರವೆ ಇಡ್ಲಿ ಹುಟ್ಟಿತು. ತುರ್ತು ಪರಿಸ್ಥಿತಿಯ ಕಾಲದಲ್ಲಿ ಸರ್ಕಾರ ತಿಂಡಿಯ ದರ ಕಟ್ಟಿಹಾಕಿ ಹೋಟೆಲು ನಡೆಸುವುದೇ ಕಷ್ಟವಾದಾಗ, ಅದೇ ಹದವನ್ನು ಪೊಟ್ಟಣದಲ್ಲಿ ತುಂಬಿ ಮಾರುವ ವ್ಯವಹಾರ ಬೆಳೆಯಿತು. ಯಜ್ಞನಾರಾಯಣರ ಮಗ ಸದಾನಂದ ಮಯ್ಯರು ಕಟ್ಟಿ ಬೆಳೆಸಿದ ಎಂಟಿಆರ್ ಫುಡ್ಸ್ 2007ರಲ್ಲಿ ನಾರ್ವೆಯ ಓರ್ಕ್ಲಾ ಕಂಪನಿಯ ಪಾಲಾಯಿತು. ಹೋಟೆಲನ್ನು ಮನೆತನದ ಇನ್ನೊಂದು ಕವಲು ನಡೆಸುತ್ತ ಬಂದಿದೆ. ಒಂದೇ ಒಲೆಯಿಂದ ಎರಡು ಬಗೆಯ ಉದ್ಯಮ.

ರಕ್ತಗುಣವೋ, ಒಡನಾಟವೋ?

ವ್ಯಾಪಾರ ಅವರ ರಕ್ತದಲ್ಲೇ ಇದೆ ಎಂದು ನಾವು ಸಲೀಸಾಗಿ ಹೇಳಿಬಿಡುತ್ತೇವೆ. ಇದು ನಿಜವೇ ಎಂದು ಮ್ಯಾಥ್ಯೂ ಲಿಂಡ್‌ಕ್ವಿಸ್ಟ್, ಯೊರಿ ಸೋಲ್, ಮಿರ್ಯಮ್ ವಾನ್ ಪ್ರಾಗ್ ಎಂಬ ಮೂವರು ಅರ್ಥಶಾಸ್ತ್ರಜ್ಞರು ಸ್ವೀಡನ್ನಿನಲ್ಲಿ ಪರೀಕ್ಷಿಸಿ 2015ರಲ್ಲಿ ಪ್ರಕಟಿಸಿದರು. ಅವರು ಆರಿಸಿಕೊಂಡದ್ದು ದತ್ತು ಮಕ್ಕಳನ್ನು. ಅಂಥ ಮಗುವಿಗೆ ಹೆತ್ತವರೇ ಬೇರೆ, ಸಾಕಿದವರೇ ಬೇರೆ. ಹಾಗಾಗಿ ಯಾರಿಂದ ಏನು ಬಂತೆಂದು ಬಿಡಿಸಿ ನೋಡಬಹುದು. ತಂದೆತಾಯಿ ಉದ್ಯಮಿಗಳಾಗಿದ್ದರೆ ಮಕ್ಕಳೂ ಉದ್ಯಮಿಗಳಾಗುವ ಸಾಧ್ಯತೆ ಸುಮಾರು ಶೇ 60ರಷ್ಟು ಹೆಚ್ಚುತ್ತದೆ ಎಂದು ತಿಳಿದುಬಂತು. ಅದರಲ್ಲಿ ಸಾಕಿದ ಮನೆಯ ಪ್ರಭಾವ ಹೆತ್ತವರಿಂದ ಬಂದ ಗುಣದ ಸುಮಾರು ಎರಡರಷ್ಟಿತ್ತು. ಗಂಡುಮಕ್ಕಳು ತಂದೆಯನ್ನು, ಹೆಣ್ಣುಮಕ್ಕಳು ತಾಯಿಯನ್ನು ಹೆಚ್ಚು ಅನುಸರಿಸುವುದೂ ಕಂಡಿತು. ಕಣ್ಣೆದುರಿನ ಮಾದರಿ ರಕ್ತಕ್ಕಿಂತ ದೊಡ್ಡದು ಎಂದಾಯಿತು.

ಅಮೆರಿಕದ ರಾಬರ್ಟ್ ಫೇರ್ಲಿ ಮತ್ತು ಅಲಿಸಿಯಾ ರಾಬ್ 2007ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನ ನಮ್ಮ ಮಾತಿಗೆ ಮತ್ತೂ ಹತ್ತಿರದ್ದು. ಅಲ್ಲಿನ ಸಣ್ಣ ಉದ್ಯಮಗಳ ಮಾಲೀಕರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಮನೆಯಲ್ಲಿ ಸ್ವಂತ ವ್ಯವಹಾರ ಮಾಡುವವರು ಮೊದಲೇ ಇದ್ದರು. ಆದರೆ ಉದ್ಯಮವನ್ನೇ ಪಿತ್ರಾರ್ಜಿತವಾಗಿ ಪಡೆದವರು ಶೇ 2ನ್ನೂ ಮುಟ್ಟಲಿಲ್ಲ. ಮನೆಯಲ್ಲಿ ವ್ಯಾಪಾರವಿತ್ತು ಎಂಬಷ್ಟರಿಂದಲೇ ಮಕ್ಕಳ ಉದ್ಯಮ ಹೆಚ್ಚು ಗೆಲ್ಲಲಿಲ್ಲ. ಮನೆಯವರ ವ್ಯವಹಾರದಲ್ಲಿ ಸ್ವತಃ ದುಡಿದು ಅನುಭವ ಪಡೆದಿದ್ದವರ ಉದ್ಯಮಗಳು ಎದ್ದು ಕಾಣುವಂತೆ ಚೆನ್ನಾಗಿ ನಡೆದಿದ್ದವು.

ಈ ಎರಡೂ ಅಧ್ಯಯನಗಳನ್ನು ಕೂಡಿಸಿ ಓದಿದರೆ ಹೆತ್ತವರಿಗೆ ಸಿಗುವ ಸಂದೇಶ ಸರಳ. ಅಂಗಡಿಯ ಕೀಲಿ ಕೊಡುವುದು ಮುಖ್ಯವಲ್ಲ. ಅಂಗಡಿಯಲ್ಲಿ ಜೊತೆಗೆ ಕೂರಿಸಿಕೊಂಡದ್ದು ಮುಖ್ಯ.

ಹೇರಿದರೆ ಸಂಕೋಲೆ

ಇಲ್ಲಿ ಒಂದು ಎಚ್ಚರಿಕೆ ಬೇಕೇ ಬೇಕು. ಅಪ್ಪನ ಕಸುಬನ್ನೇ ಮಗ ಮಾಡಬೇಕು ಎಂಬ ಕಟ್ಟಳೆ ನಮ್ಮ ಸಮಾಜದಲ್ಲಿ ಶತಮಾನಗಳ ಕಾಲ ಜಾತಿಯ ಸಂಕೋಲೆಯಾಗಿ ಜನರನ್ನು ಕಟ್ಟಿಹಾಕಿದೆ. ಯಾರಿಗೆ ಯಾವ ಕೆಲಸ ಎಂಬುದು ಹುಟ್ಟಿನಲ್ಲೇ ತೀರ್ಮಾನವಾದರೆ ಅದು ಸ್ಫೂರ್ತಿಯಲ್ಲ, ಶಿಕ್ಷೆ. 1953ರಲ್ಲಿ ಮದ್ರಾಸ್ ರಾಜ್ಯದ ಮುಖ್ಯಮಂತ್ರಿ ಸಿ. ರಾಜಗೋಪಾಲಾಚಾರಿ ಹಳ್ಳಿಯ ಪ್ರಾಥಮಿಕ ಶಾಲೆಗಳಿಗೆ ಹೊಸ ಯೋಜನೆ ತಂದರು. ಮಕ್ಕಳಿಗೆ ಶಾಲೆಯಲ್ಲಿ ಪಾಠದ ಹೊತ್ತು ಕಡಿಮೆ, ಉಳಿದ ಹೊತ್ತು ಹೆತ್ತವರ ಕಸುಬಿನ ಕಲಿಕೆ. ನಮ್ಮ ದಕ್ಷಿಣ ಕನ್ನಡ, ಕಾಸರಗೋಡು ಆಗ ಆ ರಾಜ್ಯದಲ್ಲೇ ಇದ್ದವು. ಇದು ಕುಲಕಸುಬಿನ ಶಿಕ್ಷಣ, ಕ್ಷೌರಿಕನ ಮಗ ಕ್ಷೌರಿಕನಾಗಿಯೇ ಉಳಿಯಬೇಕೆಂಬ ಹುನ್ನಾರ ಎಂದು ಜನ ಸಿಡಿದೆದ್ದರು. ರಾಜಗೋಪಾಲಾಚಾರಿ ಅಧಿಕಾರ ಬಿಟ್ಟರು. 1954ರಲ್ಲಿ ಕಾಮರಾಜ್ ಸರ್ಕಾರ ಯೋಜನೆಯನ್ನು ಕೈಬಿಟ್ಟಿತು. ಕಸುಬಿನ ಕಲಿಕೆ ಒಳ್ಳೆಯದೇ ಆದರೂ ಅದು ಶಾಲೆಯ ಹೊತ್ತನ್ನು ಕಸಿದು, ಹುಟ್ಟನ್ನು ನೋಡಿ ಬಂದರೆ ಜನ ಒಪ್ಪುವುದಿಲ್ಲ, ಒಪ್ಪಲೂಬಾರದು.

ನಮ್ಮ ಮುಧೋಳದ ಸೀಮೆಯಲ್ಲೇ ಸಾವಿರ ವರ್ಷದ ಹಿಂದಿನ ಉದಾಹರಣೆಯಿದೆ. ಕವಿ ರನ್ನ ಬಳೆಗಾರರ ಮನೆಯಲ್ಲಿ ಹುಟ್ಟಿದವನು. ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ. ಬಳೆಯ ಮಲಾರ ಹೊರುವುದನ್ನು ಬಿಟ್ಟು, ಗುರುವನ್ನರಸಿ ಶ್ರವಣಬೆಳಗೊಳದತ್ತ ನಡೆದು ಅಜಿತಸೇನಾಚಾರ್ಯರ ಶಿಷ್ಯನಾದ. ಚಾಲುಕ್ಯರ ಆಸ್ಥಾನದಲ್ಲಿ ಕವಿಚಕ್ರವರ್ತಿಯೆನಿಸಿದ. ಬಿಟ್ಟು ಹೋಗುವ ಸ್ವಾತಂತ್ರ್ಯವಿದ್ದಾಗ ಮಾತ್ರ ಉಳಿಯುವುದಕ್ಕೂ ಅರ್ಥ ಬರುತ್ತದೆ. ಕಿರಣ್ ಮಜುಂದಾರ್ ಅಪ್ಪನ ವಿದ್ಯೆಯನ್ನು ತಾವಾಗಿ ಆರಿಸಿಕೊಂಡವರು. ವಿಜಯ ಸಂಕೇಶ್ವರರು ಒಮ್ಮೆ ಬಿಟ್ಟು ಮತ್ತೆ ತಾವಾಗಿ ಬಂದವರು. ಆಯ್ಕೆ ಅವರದ್ದೇ ಆಗಿದ್ದರಿಂದ ಅದು ಬೆಳೆಯಿತು.

ಮಗ್ಗದ ಮನೆ, ಕಬ್ಬಿನ ಹೊಲ, ರೊಟ್ಟಿಯ ಒಲೆ

ದೊಡ್ಡವರ ಕಥೆ ಬಿಟ್ಟು ನಮ್ಮ ಸುತ್ತಮುತ್ತ ನೋಡೋಣ. ರಬಕವಿ-ಬನಹಟ್ಟಿಯಲ್ಲಿ ಮಗ್ಗದ ಸದ್ದಿನ ನಡುವೆ ಬೆಳೆಯುವ ಮಕ್ಕಳಿದ್ದಾರೆ. ಅವರ ಮನೆಗಳಲ್ಲಿ ಅವ್ವ ಕಂಡಿಕೆ ಸುತ್ತುತ್ತಾಳೆ, ಅಪ್ಪ ಮಗ್ಗ ನೋಡುತ್ತಾನೆ. ಬಹಳಷ್ಟು ನೇಕಾರರಿಗೆ ನೂಲು ಮಾಲೀಕರಿಂದ ಬರುತ್ತದೆ. ನೇಯ್ದ ಸೀರೆ ಅವರಿಗೇ ಹೋಗುತ್ತದೆ. ಕೈಗೆ ಸಿಗುವುದು ಮಜೂರಿ. ಉಟ್ಟವಳು ಯಾರು, ಅವಳಿಗೆ ಯಾವ ಬಣ್ಣ ಹಿಡಿಸಿತು, ಅಂಗಡಿಯಲ್ಲಿ ಎಷ್ಟಕ್ಕೆ ಕೊಂಡಳು ಎಂಬುದು ನೇಯ್ದವನಿಗೆ ತಿಳಿಯುವುದೇ ಇಲ್ಲ. ಆ ಮನೆಯ ಮಗನಿಗೆ, ಮಗಳಿಗೆ ಯಾವ ಎಳೆ ಯಾಕೆ ಹರಿಯುತ್ತದೆ, ಯಾವ ಬಣ್ಣ ಒಗೆತಕ್ಕೆ ನಿಲ್ಲುತ್ತದೆ ಎಂಬುದು ಗೊತ್ತು. ಇಳಕಲ್ಲಿನ ನೇಕಾರರ ಮಕ್ಕಳಿಗೆ ಸೆರಗನ್ನೂ ಒಡಲನ್ನೂ ಕೊಂಡಿ ಹಾಕಿ ಕೂಡಿಸುವ ತೋಪ್ ತೆನೆಯ ಬೆಲೆ ಗೊತ್ತು. ಗುಳೇದಗುಡ್ಡದ ಮಕ್ಕಳಿಗೆ ಅಸಲಿ ಖಣ ಯಾವುದು ಎಂದು ಕಣ್ಣಲ್ಲೇ ತಿಳಿಯುತ್ತದೆ. ಈಗ ಅವರ ಕೈಯಲ್ಲಿ ಮೊಬೈಲೂ ಇದೆ. ನೇಯ್ದವರಿಗೂ ಉಡುವವರಿಗೂ ನಡುವಿನ ಅಂತರವೇ ಅವರ ಉದ್ಯಮದ ಜಾಗ. ಅಪ್ಪ ಮಗ್ಗದಲ್ಲಿ ಕೂತ, ಮಗಳು ಮಾರಾಟದಲ್ಲಿ ಕೂರಬಹುದು.

ಕಬ್ಬು ಬೆಳೆಯುವ ಜಮಖಂಡಿ, ಮುಧೋಳ, ಬೀಳಗಿಗಳ ಮನೆಗಳಲ್ಲೂ ಇಂಥ ಅರಿವಿದೆ. ಕಬ್ಬು ಮುಟ್ಟಿದ 14 ದಿನದೊಳಗೆ ಕಾರ್ಖಾನೆ ಹಣ ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಆದರೂ ಬಿಲ್ಲಿಗಾಗಿ ಕಾಯುವುದು, ದರಕ್ಕಾಗಿ ರಸ್ತೆಗಿಳಿಯುವುದು ರೈತರಿಗೆ ಹೊಸತಲ್ಲ. ಅದನ್ನು ಕಂಡು ಬೆಳೆದ ಹುಡುಗ ಬೇಸಾಯ ಬೇಡವೆನ್ನಬಹುದು. ಆದರೆ ಒಳ್ಳೆಯ ಬೀಜದ ಕಣ್ಣು ಯಾವುದೆಂದು ಬಲ್ಲವನು ಕಬ್ಬಿನ ಸಸಿಯ ನರ್ಸರಿ ಮಾಡಬಲ್ಲ. ಕಟಾವಿನ ಆಳು ಸಿಗದ ಕಷ್ಟ ಉಂಡವನು ಕಟಾವು ಯಂತ್ರವನ್ನು ಬಾಡಿಗೆಗೆ ಕೊಡಬಲ್ಲ. ಮಹಾಲಿಂಗಪುರದ ಬೆಲ್ಲದ ಪೇಟೆಯ ಏರಿಳಿತ ಬಲ್ಲವನು ಪುಡಿ ಬೆಲ್ಲ ಮಾಡಿ ಪಟ್ಟಣಕ್ಕೆ ಮುಟ್ಟಿಸಬಲ್ಲ.

ಇನ್ನು ಅವ್ವನ ದುಡಿಮೆ. ಅದನ್ನು ವೃತ್ತಿ ಎಂದು ನಾವು ಲೆಕ್ಕಕ್ಕೇ ಹಿಡಿಯುವುದಿಲ್ಲ. ಯಾವ ಜೋಳದ ಹಿಟ್ಟಿಗೆ ಜಿಗಿ ಹೆಚ್ಚು, ಖಡಕ್ ರೊಟ್ಟಿ ಮುರಿಯದೆ ಎಷ್ಟು ದಿನ ಉಳಿಯಬೇಕಾದರೆ ಎಷ್ಟು ಬೇಯಬೇಕು, ಗುರೆಳ್ಳು ಚಟ್ನಿಗೆ ಎಣ್ಣೆ ಬಿಡುವಷ್ಟು ಹೇಗೆ ಕುಟ್ಟಬೇಕು ಎಂಬುದು ಯಾವ ಕಾಲೇಜಿನಲ್ಲೂ ಕಲಿಸದ ವಿದ್ಯೆ. ಉತ್ತರ ಕರ್ನಾಟಕದ ಎಷ್ಟೋ ಹೆಣ್ಣುಮಕ್ಕಳು ರೊಟ್ಟಿ ಬಡಿದು ಸಂಸಾರ ನಡೆಸಿ, ಮಕ್ಕಳನ್ನು ಓದಿಸಿದ್ದಾರೆ. ಓದಿದ ಆ ಮಕ್ಕಳು ಅವ್ವನ ಕೈಯ ಹದಕ್ಕೆ ಪ್ಯಾಕಿಂಗ್, ಪರವಾನಗಿ, ಮಾರುಕಟ್ಟೆ ಸೇರಿಸಿದರೆ ಅದು ಗೌರವದ ಉದ್ಯಮ. ಆಗ ಅವ್ವನನ್ನು ಕೂಲಿಯವಳೆಂದಲ್ಲ, ಪಾಲುದಾರಳೆಂದು ಬರೆಸಬೇಕು.

ಕಲಿಸುವ ಬಗೆ

“ನಮ್ಮ ಪಾಡು ನಮಗ ಸಾಕಾಗೇತಿ, ನೀ ಒಂದು ನೌಕರಿ ಹಿಡಿಯಪಾ” ಎಂಬ ಮಾತು ನಮ್ಮ ಕಡೆ ಕೇಳದ ಮನೆಯಿಲ್ಲ. ಅದರ ಹಿಂದೆ ಪ್ರೀತಿಯಿದೆ, ನೋವಿದೆ. ನೌಕರಿ ಬೇಡವೆಂದು ಯಾರೂ ಹೇಳಬೇಕಿಲ್ಲ. ಆದರೆ ಆ ಮಾತಿನ ಜೊತೆಗೆ ಕಸುಬಿನ ಎಲ್ಲ ಗುಟ್ಟನ್ನೂ ಮಕ್ಕಳಿಂದ ದೂರವಿಟ್ಟರೆ ಮಕ್ಕಳಿಗೆ ಅಪ್ಪನ ದಣಿವು ಮಾತ್ರ ಕಾಣುತ್ತದೆ, ಅಪ್ಪನ ಜಾಣತನ ಕಾಣುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಮೊದಲು ಓದು, ಆಮೇಲೆ ಉಳಿದದ್ದು. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಾದ ತಿದ್ದುಪಡಿಯೂ ಇದನ್ನೇ ಹೇಳುತ್ತದೆ. 14 ವರ್ಷದೊಳಗಿನ ಮಗು ಮನೆಯ ಕಸುಬಿನಲ್ಲಿ ಕೈಜೋಡಿಸುವುದಾದರೆ ಅದು ಶಾಲೆಯ ಹೊತ್ತಿನ ಆಚೆ, ಇಲ್ಲವೇ ರಜೆಯಲ್ಲಿ ಮಾತ್ರ. ಅಪಾಯದ ಕೆಲಸವಂತೂ ಕೂಡದು. ಈ ಮಿತಿಯೊಳಗೇ ಕಲಿಸುವುದು ಬೇಕಾದಷ್ಟಿದೆ. ಪೇಟೆಗೆ ಮಾಲು ತರಲು ಹೋಗುವಾಗ ಜೊತೆಗೆ ಕರೆದೊಯ್ಯಿರಿ. ದರ ಹೇಗೆ ಕುದುರಿತೆಂದು ಹೇಳಿ. ತಿಂಗಳ ಲೆಕ್ಕವನ್ನು ಮಕ್ಕಳ ಕೈಯಲ್ಲೇ ಬರೆಸಿ. ಲಾಭ ಬಂದದ್ದನ್ನು ಹೇಳಿದಂತೆ ನಷ್ಟವಾದದ್ದನ್ನೂ, ಸಾಲ ಎಷ್ಟಿದೆ, ಬಡ್ಡಿ ಎಷ್ಟು ಎಂಬುದನ್ನೂ ಹೇಳಿ. ಕಷ್ಟವನ್ನು ಬಚ್ಚಿಟ್ಟು ಬೆಳೆಸಿದ ಮಕ್ಕಳಿಗೆ ಉದ್ಯಮದ ಅರ್ಧ ಪಾಠ ತಪ್ಪಿಹೋಗುತ್ತದೆ.

ಬೆಳೆದ ಮಕ್ಕಳು ಕೆಲ ಕಾಲ ಹೊರಗೆ ಓದಿಯೋ, ಬೇರೆಯವರ ಕೈಕೆಳಗೆ ದುಡಿದೋ ಬರಲಿ. ಕಿರಣ್ ಆಸ್ಟ್ರೇಲಿಯಾಕ್ಕೆ ಹೋದದ್ದು, ಶಂತನುರಾವ್ ಅಮೆರಿಕಕ್ಕೆ ಹೋದದ್ದು ಮನೆಯ ವಿದ್ಯೆಗೆ ಹೊರಗಿನ ವಿದ್ಯೆ ಕೂಡಿಸಲು. ಮನೆಯ ಅರಿವು ಒಂದೇ ಇದ್ದರೆ ಹಳೆಯ ದಾರಿಯಲ್ಲೇ ಸುತ್ತುತ್ತದೆ. ಹೊರಗಿನ ಓದು ಒಂದೇ ಇದ್ದರೆ ಅದಕ್ಕೆ ಬೇರು ಇರುವುದಿಲ್ಲ. ಹಾಗೆಯೇ ಮಕ್ಕಳು ಹೊಸತು ಶುರು ಮಾಡಿದಾಗ ಅದರ ಲೆಕ್ಕ ಅಪ್ಪನ ಲೆಕ್ಕದೊಳಗೆ ಬೆರೆಯದೆ ಬೇರೆಯೇ ಇರಲಿ. ಪರಿಹಾರದ ಹಣವಿದ್ದವರು ಅದನ್ನೆಲ್ಲ ಒಂದೇ ಸಲ ಸುರಿಯದೆ, ಸಣ್ಣದಾಗಿ ಮಾಡಿ ನೋಡಿ, ಗಿರಾಕಿ ಮತ್ತೆ ಬಂದಾನೆಯೇ ಎಂದು ಕಂಡ ಮೇಲೆ ಮುಂದಿನ ಹೆಜ್ಜೆ ಇಡಲಿ.

ಸರ್ಕಾರದ ನೆರವೂ ಇದೆ. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆ ಬಡಗಿ, ಕಮ್ಮಾರ, ಕುಂಬಾರ, ದರ್ಜಿ, ಚಮ್ಮಾರರೂ ಸೇರಿ 18 ಕಸುಬುಗಳಿಗೆ ತರಬೇತಿ, ಉಪಕರಣ ಕೊಳ್ಳಲು 15 ಸಾವಿರ ರೂಪಾಯಿ, ಎರಡು ಕಂತಿನಲ್ಲಿ 3 ಲಕ್ಷ ರೂಪಾಯಿವರೆಗೆ ಶೇ 5ರ ಬಡ್ಡಿಯ ಸಾಲವನ್ನು ಇಟ್ಟಿದೆ. ಮಗ್ಗದ ನೇಯ್ಗೆ ಆ ಪಟ್ಟಿಯಲ್ಲಿಲ್ಲ ಎಂಬುದು ನಮ್ಮ ಜಿಲ್ಲೆಯ ಮಟ್ಟಿಗೆ ದೊಡ್ಡ ಕೊರತೆ. ರೊಟ್ಟಿ, ಚಟ್ನಿ ಪುಡಿ, ಬೆಲ್ಲದಂಥ ಆಹಾರದ ಕಿರು ಉದ್ಯಮಗಳಿಗೆ 2020ರಲ್ಲಿ ಬಂದ ಕೇಂದ್ರದ ಯೋಜನೆಯಲ್ಲಿ ಶೇ 35ರ ಸಹಾಯಧನವಿತ್ತು. ಅದಕ್ಕೆ ಕರ್ನಾಟಕ ಸರ್ಕಾರ ಶೇ 15 ಸೇರಿಸಿ, ಒಟ್ಟು ಅರ್ಧದಷ್ಟು ವೆಚ್ಚವನ್ನು 15 ಲಕ್ಷ ರೂಪಾಯಿ ಮಿತಿಯಲ್ಲಿ ಕೊಟ್ಟಿದೆ. ಕೃಷಿ ಇಲಾಖೆಯಲ್ಲಿ, ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ವಿಚಾರಿಸಿದರೆ ಈಗ ಜಾರಿಯಲ್ಲಿರುವ ಯೋಜನೆಗಳ ವಿವರ ಸಿಗುತ್ತದೆ. ಆದರೆ ಯಾವ ಯೋಜನೆಯೂ ಕೊಡಲಾರದ ಒಂದನ್ನು ಹೆತ್ತವರೇ ಕೊಡಬೇಕು. ಅದು ದುಡಿಮೆಯ ಒಳಗಿನ ನೋಟ.

ಕಸುಬು ಸೋಲುತ್ತಿದ್ದರೆ ಮಕ್ಕಳನ್ನು ಅದರೊಳಗೆ ನೂಕಬೇಡಿ. ಗೆಲ್ಲುತ್ತಿದ್ದರೂ ಅಲ್ಲೇ ಕಟ್ಟಿಹಾಕಬೇಡಿ. ಆದರೆ ನಿಮಗೇನು ಗೊತ್ತಿದೆಯೋ ಅದನ್ನು ಅವರಿಗೆ ತಿಳಿಸದೆ ಇರಬೇಡಿ. ಮಕ್ಕಳೇ, ನೀವೂ ಕೇಳಿ. ಹೊಸ ಉದ್ಯಮದ ಯೋಚನೆಗಾಗಿ ಇಂಟರ್‌ನೆಟ್‌ನಲ್ಲಿ ಹುಡುಕುವ ಮುನ್ನ ಅಪ್ಪನನ್ನೂ ಅವ್ವನನ್ನೂ ಕೂರಿಸಿಕೊಂಡು ಮೂರು ಪ್ರಶ್ನೆ ಕೇಳಿ. ನಿಮ್ಮ ಕೆಲಸದಲ್ಲಿ ಇಷ್ಟು ವರ್ಷ ಬಗೆಹರಿಯದೆ ಉಳಿದ ತೊಂದರೆ ಯಾವುದು? ಬೇಕೆಂದು ಹುಡುಕಿದರೂ ಸಿಗದ ವಸ್ತು ಯಾವುದು? ನಿಮ್ಮ ಗಿರಾಕಿ ಕೇಳಿಯೂ ನೀವು ಕೊಡಲಾಗದೆ ಹೋದದ್ದು ಯಾವುದು? ಈ ಮೂರರಲ್ಲಿ ಒಂದರ ಉತ್ತರ ನಿಮ್ಮ ಉದ್ಯಮವಾಗಬಹುದು. ಕೇಳುವುದನ್ನು ನಾಳೆಗೆ ಮುಂದೂಡಬೇಡಿ.